ಆಲು ಅಂದ ಮಗುವಿಗೆ ಹಾಲಿಲ್ಲ

೧೯೫೨ನೇ ಇಸವಿ. ಮದುವೆಯಾಗಿ ನಾನು ಚಾಮರಾಜಪೇಟೆಯ ಈ ಮನೆಗೆ ಬಂದು ಮೂರು ವರ್ಷವಾಗಿತ್ತು. ನಿಮ್ಮ ಅಪ್ಪ ಇನ್ನೂ ಹುಟ್ಟಿರಲಿಲ್ಲ. ನಿಮ್ಮ ತಾತ ಬೆಳಿಗ್ಗೆ ಬಳೇಪೇಟೆಯ ಅಂಗಡಿಗೆ ಹೋದರೆ ಮಧ್ಯಾಹ್ನ ಊಟಕ್ಕೇ ಬರುತ್ತಿದ್ದುದು. ಅಲ್ಲಿಯವರೆಗೆ ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ.

ನಾನು ಮಾಗಡಿ ಕಡೆಯ ಹಳ್ಳಿಯವಳು. ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದೆ. ಓದುವುದು, ಬರೆಯುವುದು ಚೆನ್ನಾಗಿಯೇ ಬರುತ್ತಿತ್ತು. ಬಾಯಲ್ಲಿ ಬಾರದೇ ಇದ್ದದ್ದು ಹಕಾರ ಒಂದೇ. ನಮ್ಮೂರಿನಲ್ಲಿ ಯಾರಿಗೂ ಅದು ಬರುತ್ತಿರಲಿಲ್ಲ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ‘ಹಸು’ ಎಂದು ಬರೆದು, ‘ಅಸು’ ಎಂದೇ ಓದಿಸುತ್ತಿದ್ದರು. ನಾವು ಅಸು ಎಂದು ಓದಿ ಹಸು ಎಂದು ಬರೆಯುತ್ತಿದ್ದೆವು. ಅದರಲ್ಲಿ ತಪ್ಪೇನಾದರೂ ಇದೆ ಎಂದು ಬೆಂಗಳೂರಿಗೆ ಬರುವವರೆಗೆ ನನಗೆ ಗೊತ್ತಿರಲಿಲ್ಲ.

ಬಂದ ಹೊಸತರಲ್ಲಿ ಬೀದಿಯ ಹೆಂಗಸೊಬ್ಬರು ಅರಿಶಿನ ಕುಂಕುಮಕ್ಕೆ ಕರೆದು, “ಯಾವ ಹೂವು ಮುಡೀತೀಯಮ್ಮ?” ಎಂದು ಕೇಳಿದರು. ನಾನು “ಯಾವ ಊವಾದ್ರೂ ಸರಿ” ಎಂದೆ. ಕೂತಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡಳು. ಅವತ್ತಿನಿಂದ ನಾನು ಹಕಾರವಿಲ್ಲದ ಮಾತುಗಳನ್ನೇ ಆರಿಸಿ ಆಡಲು ಕಲಿತೆ. ಹೂವು ಎನ್ನುವ ಬದಲು ಮಲ್ಲಿಗೆ ಎನ್ನುವುದು, ಹೌದು ಎನ್ನುವ ಬದಲು ಸರಿ ಎನ್ನುವುದು. ಹತ್ತು ಎನ್ನಬೇಕಾದರೆ ಎರಡೂ ಕೈಯ ಬೆರಳು ತೋರಿಸುವುದು. ಮಾತು ಸಿಕ್ಕದೇ ಹೋದರೆ ಸುಮ್ಮನಿರುವುದು. ಸೊಸೆ ಬಹಳ ನಾಚಿಕೆಯವಳು, ಒಳ್ಳೆಯವಳು ಎಂದು ಬೀದಿಯಲ್ಲಿ ಹೆಸರಾಯಿತು.

ನಮ್ಮ ಎದುರುಮನೆಯಲ್ಲಿ ಲಲಿತಮ್ಮ ಎಂಬವರು ಇದ್ದರು. ಓದಿದವರು. ಬೀದಿಯ ಹೆಂಗಸರ ಸಂಘಕ್ಕೆ ಅವರೇ ಕಾರ್ಯದರ್ಶಿ. ಕೂಲಿ ಮಾಡುವವರ, ತಲೆಹೊರೆಯಲ್ಲಿ ಸೊಪ್ಪು ತರಕಾರಿ ಮಾರುವವರ ಚಿಕ್ಕ ಮಕ್ಕಳಿಗಾಗಿ ಸಂಘದವರು ಲಲಿತಮ್ಮನ ಮನೆಯ ಜಗಲಿಯಲ್ಲೇ ಒಂದು ಶಿಶುವಿಹಾರ ನಡೆಸುತ್ತಿದ್ದರು. ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯವರೆಗೆ. ಹಾಡು, ಕಥೆ, ಸ್ಲೇಟಿನ ಮೇಲೆ ಗೀಚುವುದು, ಕೊನೆಗೆ ಒಂದು ಲೋಟ ಹಾಲು. ಹಾಲೆಂದರೆ ಪರದೇಶದಿಂದ ಡಬ್ಬಿಯಲ್ಲಿ ಬರುತ್ತಿದ್ದ ಹಾಲಿನ ಪುಡಿ.

ಒಂದು ದಿನ ಲಲಿತಮ್ಮ ನಮ್ಮ ಜಗಲಿಗೆ ಬಂದು ಅತ್ತೆಯ ಹತ್ತಿರ, “ಏನ್ರೀ, ನಿಮ್ಮ ಸೊಸೆ ಬೆಳಗಿನ ಹೊತ್ತು ಸುಮ್ಮನೆ ಕೂತಿರ್ತಾಳಲ್ಲ, ನಮ್ಮ ಮಕ್ಕಳ ಹತ್ರ ಕಳಿಸಿ. ನಾಲ್ಕು ಮಕ್ಕಳ ಮೂಗು ಒರೆಸಿದ ಪುಣ್ಯಕ್ಕಾದರೂ ಅವಳ ಮಡಿಲು ತುಂಬಲಿ” ಎಂದರು. ಅತ್ತೆಗೆ ಆ ಕೊನೆಯ ಮಾತು ಹಿಡಿಸಿತು. ಮಾರನೆಯ ದಿನವೇ ನನ್ನನ್ನು ಕಳಿಸಿದರು.

ಲಲಿತಮ್ಮ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮಕ್ಕಳ ಉಗುರು ತಾವೇ ಕತ್ತರಿಸುತ್ತಿದ್ದರು. ಕಜ್ಜಿಗೆ ಬೇವಿನ ನೀರಿನಲ್ಲಿ ತಾವೇ ತೊಳೆಯುತ್ತಿದ್ದರು. ಅವರ ಮನೆತನದ ಬೇರೆ ಯಾವ ಹೆಂಗಸೂ ಆ ಮಕ್ಕಳನ್ನು ಮುಟ್ಟುತ್ತಿರಲಿಲ್ಲ. ಆದರೆ ಅವರದೊಂದು ನಿಯಮವಿತ್ತು. ಹಾಲು ಕೊಡುವ ಮೊದಲು ಪ್ರತಿಯೊಂದು ಮಗುವೂ ಮುಂದೆ ಬಂದು, ಕೈ ಕಟ್ಟಿ, “ಹಾಲು ಬೇಕು, ದಯವಿಟ್ಟು ಕೊಡಿ” ಎನ್ನಬೇಕು. ‘ಆಲು’ ಎಂದರೆ ಸಾಲಿನ ಕೊನೆಗೆ ಹೋಗಬೇಕು. ಮೂರು ಸಲ ‘ಆಲು’ ಎಂದರೆ ಅವತ್ತು ಹಾಲಿಲ್ಲ.

“ಹೊಟ್ಟೆಗೆ ಹಾಕೋದು ಯಾರು ಬೇಕಾದ್ರೂ ಹಾಕ್ತಾರೆ ಗಿರಿಜಾ, ನಾಲಿಗೆ ತಿದ್ದೋರು ಯಾರು?” ಎಂದು ನನಗೆ ವಿವರಿಸಿದರು. ನಾನು “ಸರಿ” ಎಂದೆ. ‘ಹೌದು’ ಎನ್ನಲು ನನಗೆ ಬರುತ್ತಿರಲಿಲ್ಲ ಎನ್ನುವುದು ಅವರಿಗೇನು ಗೊತ್ತು?

ಮಕ್ಕಳು ಜಾಣರು. ಕೆಲವು ಎರಡು ದಿನದಲ್ಲಿ ಕಲಿತವು. ಕೆಲವು ಕೆಮ್ಮಿ, ಆ ಕೆಮ್ಮಿನ ಜೊತೆಯಲ್ಲೇ ಹಾಲು ಎಂದು ದಾಟಿಕೊಳ್ಳುತ್ತಿದ್ದವು. ಒಂದು ಮಗುವಿಗೆ ಮಾತ್ರ ಬರಲಿಲ್ಲ. ಐದು ವರ್ಷದ ಹುಡುಗಿ. ತಾಯಿ ಕೆಂಪಮ್ಮ ನಮ್ಮ ಬೀದಿಗಳಲ್ಲಿ ಸೊಪ್ಪು ಮಾರುವವಳು. ರಿಜಿಸ್ಟರಿನಲ್ಲಿ ಮಗುವಿನ ಹೆಸರು ಹೊನ್ನಮ್ಮ ಎಂದಿತ್ತು.

ಮೊದಲ ದಿನ ಲಲಿತಮ್ಮ, “ಹೊನ್ನಮ್ಮಾ” ಎಂದು ಕೂಗಿದರೆ ಮಗು ಅಲುಗಲೇ ಇಲ್ಲ. ತನ್ನನ್ನೇ ಕರೆಯುತ್ತಿದ್ದಾರೆ ಎಂದು ಅದಕ್ಕೆ ತಿಳಿದರೆ ತಾನೆ!

“ಏ ಹುಡುಗಿ, ನಿನ್ನ ಹೆಸರೇನೇ?”

“ನನ್ನ ಎಸ್ರು ಒನ್ನಿ.”

“ಎಸರಾ? ಒಲೆ ಮೇಲೆ ಇಟ್ಟು ಬಂದಿದ್ದೀಯೇನೇ? ಅಕ್ಕಿ ಹಾಕಿದ್ಯೋ ಇಲ್ವೋ?” ಎಂದು ಲಲಿತಮ್ಮ ನಕ್ಕರು. ಮಗುವಿಗೆ ಅರ್ಥವಾಗದಿದ್ದರೂ ಅವರ ಜೊತೆಯಲ್ಲಿ ತಾನೂ ನಕ್ಕಿತು.

ಅವತ್ತು ಹೊನ್ನಿಗೆ ಹಾಲಿಲ್ಲ. ಮರುದಿನವೂ ಇಲ್ಲ. ಒಂದು ವಾರ ಇಲ್ಲ. ಮೂರು ಸಲ ಸಾಲಿನಲ್ಲಿ ಬಂದು, ಮೂರು ಸಲವೂ ಆಲು ಎಂದು, ಗೋಡೆಗೆ ಒರಗಿ ನಿಂತು ಬೇರೆ ಮಕ್ಕಳ ತುಟಿಯನ್ನೇ ನೋಡುತ್ತಿತ್ತು. ಅಳುತ್ತಿರಲಿಲ್ಲ. ಉಳಿದ ಹಾಲನ್ನು ಇಟ್ಟರೆ ಕೆಡುತ್ತದೆಂದು ಹಿತ್ತಲಿನ ನಂದಿಬಟ್ಟಲು ಗಿಡದ ಬುಡಕ್ಕೆ ಸುರಿಯಬೇಕಿತ್ತು. ಸುರಿಯುವ ಕೆಲಸ ನನ್ನದು. ಒಂದು ದಿನ ಲೋಟಕ್ಕೆ ಬಗ್ಗಿಸಿ ಗುಟ್ಟಾಗಿ ಅವಳ ಕೈಗೆ ಕೊಡಲು ಹೋದೆ. ಮಗು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, “ನಂಗೆ ಏಳಾಕೆ ಬರಾಕಿಲ್ಲ” ಎಂದಿತು. ಹೇಳಲು ಬಾರದವರಿಗೆ ಹಾಲಿಲ್ಲ ಎಂಬ ನಿಯಮವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಅವಳೇ. ನಾನು ಹೋಗಿ ಗಿಡಕ್ಕೆ ಸುರಿದೆ. ಲಲಿತಮ್ಮನ ಹತ್ತಿರ ಒಂದು ಮಾತು ಕೇಳಲಿಲ್ಲ. ಕೇಳಬೇಕಾದರೆ ‘ಹಾಲು’ ಎನ್ನಬೇಕಿತ್ತಲ್ಲ!

ಕೇಳುವ ಧೈರ್ಯವಿಲ್ಲದವಳು ಕಲಿಸುವ ದಾರಿ ಹಿಡಿದೆ. ಮೊದಲು ನನಗೆ ಬರಬೇಕಿತ್ತು. ಅಡುಗೆಮನೆಯಲ್ಲಿ ಅತ್ತೆ ಇಲ್ಲದಾಗ ಬಾಯಿಯ ಮುಂದೆ ಅಂಗೈ ಹಿಡಿದು ಉಸಿರು ತಗಲುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಮಕ್ಕಳಿಗೆ ಕಲಿಸುವ ಉಪಾಯ ಹೊಳೆದದ್ದು ಹೊನ್ನಿಯಿಂದಲೇ. ಸ್ಲೇಟು ಒರೆಸಲು ಮಕ್ಕಳು ಅದರ ಮುಂದೆ ಬಾಯಿ ತೆರೆದು ‘ಹಾ’ ಎಂದು ಬಿಸಿಯುಸಿರು ಬಿಡುತ್ತಾರಲ್ಲ, ಅವಳೂ ಹಾಗೆ ಮಾಡುತ್ತಿದ್ದಳು. ನಾನು ಅವಳನ್ನು ಹಿತ್ತಲಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, “ಸ್ಲೇಟು ಒರೆಸು” ಎಂದೆ. ‘ಹಾ’ ಎಂದಳು. “ಅದರ ಬೆನ್ನಿಗೇ ‘ಲು’ ಅನ್ನು.”

“ಹಾ... ಲು.”

“ಇನ್ನೊಂದ್ಸಲ.”

“ಹಾಲು.”

ಇಬ್ಬರೂ ಕೂತು ಇಡೀ ಸ್ಲೇಟು ಮಂಜಾಗುವ ಹಾಗೆ ಹಾಲು, ಹಸು, ಹೂವು, ಹಾವು ಎಂದೆವು. ಅವಳ ಜೊತೆಯಲ್ಲೇ ನಾನೂ ಕಲಿತೆ. ಮರುದಿನ ಸಾಲಿನಲ್ಲಿ ಹೊನ್ನಿ ಎದೆ ತುಂಬ ಉಸಿರು ತೆಗೆದುಕೊಂಡು “ಹಾಲು ಬೇಕು” ಎಂದಾಗ ಲಲಿತಮ್ಮ ಅವಳ ಕೆನ್ನೆ ತಟ್ಟಿ, ತಾವೇ ಲೋಟ ಹಿಡಿದು ಕುಡಿಸಿದರು. ಮೇಲ್ತುಟಿಯ ಮೇಲೆ ಬಿಳಿ ಮೀಸೆ ಮಾಡಿಕೊಂಡು ಅವಳು ನನ್ನ ಕಡೆ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನಗೂ ಹೆಮ್ಮೆಯಾಗಿತ್ತು. ಸುಳ್ಳೇಕೆ ಹೇಳಲಿ?

ಆದರೆ ಮಕ್ಕಳ ಬುದ್ಧಿ ನಾವು ಗೆರೆ ಎಳೆದ ಕಡೆಗೆ ನಿಲ್ಲುವುದಿಲ್ಲ. ತಾನು ಇದುವರೆಗೆ ಆಡುತ್ತಿದ್ದ ಆಲು, ಅಸು, ಊವು ಎಲ್ಲವೂ ತಪ್ಪು, ಮೊದಲಲ್ಲಿ ಉಸಿರು ಬಿಟ್ಟರೆ ಸರಿ ಎಂದು ಅವಳು ತಿಳಿದುಕೊಂಡಳು. ಹಾಗಾದರೆ ಆನೆಯೂ ತಪ್ಪೇ ಇರಬೇಕು, ಎಲೆಯೂ ತಪ್ಪೇ ಇರಬೇಕು. ಮೂರು ನಾಲ್ಕು ದಿನದಲ್ಲಿ ಅವಳ ಬಾಯಲ್ಲಿ ಆನೆ ಹಾನೆಯಾಯಿತು, ಎಲೆ ಹೆಲೆಯಾಯಿತು. ನನ್ನನ್ನು ‘ಅಕ್ಕ’ ಎನ್ನುತ್ತಿದ್ದವಳು ‘ಹಕ್ಕ’ ಎಂದಳು. ನನಗೆ ಮುದ್ದೆನಿಸಿತು. ತಾನಾಗಿ ಸರಿಹೋಗುತ್ತದೆ ಎಂದು ಬಿಟ್ಟೆ.

ಅಷ್ಟರಲ್ಲಿ ಸಂಘದ ಹಿರಿಯರೊಬ್ಬರು ಶಿಶುವಿಹಾರ ನೋಡಲು ಬರುತ್ತಾರೆಂದು ಗೊತ್ತಾಯಿತು. ಮಲ್ಲೇಶ್ವರದವರು, ಕಾರಿನಲ್ಲಿ ಓಡಾಡುವವರು. ಅವರು ಮೆಚ್ಚಿದರೆ ಇನ್ನೊಂದು ಬೀದಿಯಲ್ಲೂ ಶಿಶುವಿಹಾರ ತೆರೆಯಬಹುದು. ಲಲಿತಮ್ಮ ಜಗಲಿಗೆ ರಂಗೋಲಿ ಹಾಕಿಸಿದರು, ಮಕ್ಕಳ ತಲೆಗೆ ಎಣ್ಣೆ ಹಚ್ಚಿಸಿದರು. ತಾಯಂದಿರೂ ಬಂದು ಗೇಟಿನ ಹೊರಗೆ ನಿಂತು ನೋಡಲಿ ಎಂದು ಹೇಳಿಕಳಿಸಿದರು.

ಆ ದಿನ ಆ ದೊಡ್ಡಮ್ಮನವರು ಇನ್ನಿಬ್ಬರು ಹೆಂಗಸರ ಜೊತೆ ಬಂದು ಕುರ್ಚಿಯಲ್ಲಿ ಕೂತರು. ಹಾಡಾಯಿತು. ಆಮೇಲೆ ಲಲಿತಮ್ಮ ಹೊನ್ನಿಯನ್ನು ಕೈ ಹಿಡಿದು ಮುಂದೆ ತಂದು ನಿಲ್ಲಿಸಿ, “ಈ ಮಗು ಬಂದಾಗ ತನ್ನ ಹೆಸರೇ ಹೇಳೋಕೆ ಬರ್ತಿರಲಿಲ್ಲ. ಈಗ ನೋಡಿ” ಎಂದು ಗೋಡೆಯ ಮೇಲಿನ ಚಿತ್ರಪಟಕ್ಕೆ ಕೋಲು ಇಟ್ಟರು.

“ಇದೇನು?”

“ಹಸು.”

“ಇದು?”

“ಹೂವು.”

ದೊಡ್ಡಮ್ಮನವರು ತಲೆದೂಗಿದರು. ಲಲಿತಮ್ಮನಿಗೆ ಹುರುಪು ಬಂದು ಕೋಲನ್ನು ಮುಂದಿನ ಚಿತ್ರಕ್ಕೆ ಇಟ್ಟರು.

“ಹಾನೆ.”

ಲಲಿತಮ್ಮ ಗಡಿಬಿಡಿಯಲ್ಲಿ ಇನ್ನೊಂದಕ್ಕೆ ಕೋಲು ಇಟ್ಟರು. “ಹಿಲಿ” ಎಂದಳು ಹೊನ್ನಿ, ಮೊದಲಿಗಿಂತ ಜೋರಾಗಿ. ಮಗುವಿಗೆ ತಾನು ಚೆನ್ನಾಗಿ ಹೇಳುತ್ತಿದ್ದೇನೆ ಎಂಬ ನಂಬಿಕೆ.

ದೊಡ್ಡಮ್ಮನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಲಲಿತಾ, ಹಕಾರ ಜಾಸ್ತಿ ಹಾಕಿಬಿಟ್ಟಿದ್ದೀಯಲ್ಲೇ, ಉಪ್ಪು ಹೆಚ್ಚಾದ ಸಾರಿನ ಹಾಗೆ! ಏ ಪುಟ್ಟಿ, ಬಾ ಇಲ್ಲಿ. ನಿಮ್ಮ ತಾಯೀನ ಏನಂತ ಕರೀತೀಯ?”

ಹೊನ್ನಿ ಎದೆ ತುಂಬ ಉಸಿರು ತೆಗೆದುಕೊಂಡಳು. “ಹವ್ವ.”

ಜಗಲಿಯ ತುಂಬ ನಗು. ಕುರ್ಚಿಯಲ್ಲಿದ್ದವರು ನಕ್ಕರು, ಸಂಘದವರು ನಕ್ಕರು, ಅರ್ಥವಾಗದ ಮಕ್ಕಳೂ ನಕ್ಕವು. ನಾನೂ ನಕ್ಕೆ. ಮಕ್ಕಳೇ, ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ನನ್ನ ಅವ್ವನನ್ನು ಅವ್ವ ಎಂದೇ ಕರೆದು ಬೆಳೆದ ನಾನು, ಎಲ್ಲರೂ ನಕ್ಕರೆಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಲಲಿತಮ್ಮನ ಮುಖ ಕಪ್ಪಿಟ್ಟಿತ್ತು. ಹಾಲಿನ ಸಾಲು ನಿಂತಾಗ ಹೊನ್ನಿ ಮುಂದೆ ಬಂದು ಕೈ ಕಟ್ಟಿ, “ಹಾಲು ಬೇಕು, ದಯವಿಟ್ಟು ಕೊಡಿ” ಎಂದು ಒಂದಕ್ಷರ ತಪ್ಪಿಲ್ಲದೆ ಹೇಳಿದಳು.

“ಮೊದಲು ‘ಆನೆ’ ಅನ್ನು” ಎಂದರು ಲಲಿತಮ್ಮ, ಹಲ್ಲು ಕಚ್ಚಿ.

ಮಗು ನನ್ನ ಕಡೆ ನೋಡಿತು. ಅದರ ಪಾಡನ್ನು ಯೋಚಿಸಿ. ಉಸಿರು ಬಿಡದಿದ್ದರೆ ತಪ್ಪು ಎಂದು ಇಷ್ಟು ದಿನ ಹಸಿದಿದ್ದವಳು. ಈಗ ಉಸಿರು ಬಿಟ್ಟರೆ ತಪ್ಪು ಅಂತೆ. ಕಟ್ಟಿದ ಕೈ ಬಿಡದೆ “ಹಾನೆ” ಎಂದಳು.

“ನಡಿ ಹಿಂದಕ್ಕೆ. ನಾಲ್ಕು ಜನರ ಮುಂದೆ ಮಾನ ಕಳೆದದ್ದಕ್ಕೆ ಹಾಲು ಬೇರೆ ಕೇಡು” ಎಂದು ಲಲಿತಮ್ಮ ತುಂಬಿದ ಲೋಟವನ್ನು ಮೇಜಿನ ಆಚೆಗೆ ಸರಿಸಿದರು.

ಹೊನ್ನಿ ಹಿಂದೆ ತಿರುಗಿದಳು. ಗೇಟಿನ ಹೊರಗೆ ಅವಳ ತಾಯಿ ಕೆಂಪಮ್ಮ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ತಾಯಿಯನ್ನು ಕಂಡು ಮಗುವಿನ ಬಾಯಿ ತೆರೆಯಿತು. ತೆರೆದದ್ದು ಹಾಗೇ ಮುಚ್ಚಿಕೊಂಡಿತು. ಮತ್ತೆ ತೆರೆಯಿತು, ಮುಚ್ಚಿಕೊಂಡಿತು. ಏನೆಂದು ಕರೆಯಬೇಕೆಂದು ಅದಕ್ಕೆ ತಿಳಿಯಲಿಲ್ಲ.

ನನಗೆ ಕಾಲಿನಿಂದ ತಲೆಯವರೆಗೆ ಬೆಂಕಿ ಹತ್ತಿದ ಹಾಗಾಯಿತು. ಮೂರು ವರ್ಷದಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಬಂತು.

“ಆ ಮಗೀಗೆ ಆಲು ಕೊಡಿ” ಎಂದೆ.

“ಏನಂದೆ?” ಲಲಿತಮ್ಮ ನನ್ನ ಕಡೆ ತಿರುಗಿದರು. ನನ್ನ ಗಂಟಲು ಅಷ್ಟು ದೊಡ್ಡದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

“ಆಲು. ಆಲು ಅಂದೆ. ನಮ್ಮೂರಲ್ಲಿ ಅಸು ಕೊಡೋದು ಆಲೇ. ನಾನು ಕುಡ್ದು ಬೆಳೆದದ್ದೂ ಆಲೇ. ಒಟ್ಟೆ ಅಸ್ದ ಮಗೀನ ಎದುರಿಗೆ ನಿಲ್ಲಿಸ್ಕೊಂಡು ಆಟ ಆಡ್ತೀರಲ್ಲ, ನಿಮ್ಗೆ ಮನ್ಸು ಎಂಗೆ ಬಂತು? ಇವಳು ಕಲಿಯೋವರೆಗೂ ಗಿಡಕ್ಕೆ ಸುರಿಸಿದ್ರಿ. ಆ ಗಿಡ ಯಾವತ್ತು ನಿಮ್ಮನ್ನ ದಯವಿಟ್ಟು ಅಂತ ಕೇಳಿತ್ತು?”

ಯಾರೂ ನಗಲಿಲ್ಲ. ದೊಡ್ಡಮ್ಮನವರು ಕೈಯಲ್ಲಿದ್ದ ಬೀಸಣಿಗೆಯನ್ನು ನಿಲ್ಲಿಸಿಬಿಟ್ಟಿದ್ದರು. ನಾನು ಮೇಜಿನ ಆಚೆ ಕೈ ಚಾಚಿ ಆ ಲೋಟ ತೆಗೆದುಕೊಂಡು ಹೊನ್ನಿಯ ಹತ್ತಿರ ಹೋದೆ. ಅಷ್ಟರಲ್ಲಿ ಕೆಂಪಮ್ಮ ಗೇಟು ತೆಗೆದು ಒಳಗೆ ಬಂದಿದ್ದಳು. ಮಗಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು.

“ಬ್ಯಾಡಿ ಕಣವ್ವ, ನೀವೇ ಮಡೀಕಳಿ” ಎಂದಳು.

“ಕುಡೀಲಿ ಬಿಡು ಕೆಂಪಮ್ಮ, ಒಟ್ಟೆ ಅಸ್ದಿದೆ.”

“ನಮ್ಮ ಮನೇಲಿ ಗಂಜಿ ಐತೆ. ಅದನ್ನ ಎಂಗೆ ಕೇಳಿದ್ರೂ ಕೊಡ್ತೀನಿ.” ನನ್ನ ಮುಖವನ್ನೇ ನೋಡಿದಳು. “ನೀವೂ ನಗಾಡ್ದೋರೇ ಕಣವ್ವ. ನಾನು ಇಲ್ಲೇ ನಿಂತಿದ್ದೆ.”

ನಾನು ಕೈಯಲ್ಲಿ ಲೋಟ ಹಿಡಿದುಕೊಂಡು ನಿಂತೇ ಇದ್ದೆ. ತಾಯಿ ಮಗಳು ಗೇಟು ದಾಟಿ ಹೋದರು.

ಸಂಜೆ ಲಲಿತಮ್ಮ ಅತ್ತೆಯ ಹತ್ತಿರ ದೂರು ತಂದರು. ಸೊಸೆ ದೊಡ್ಡವರ ಮುಂದೆ ಹಳ್ಳಿ ಗಮಾರಿಯ ಹಾಗೆ ಕಿರುಚಿದಳು, ಸಂಘದ ಮರ್ಯಾದೆ ತೆಗೆದಳು ಎಂದು. ನಾನು ಕದದ ಹಿಂದೆ ನಿಂತು ಕೇಳುತ್ತಿದ್ದೆ. ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡು, “ಯಾಕಮ್ಮ, ಅವಳು ಆಲು ಅಂದಿದ್ದಕ್ಕೆ ನಿಮ್ಮ ಸಂಘದ ಆಲೆಲ್ಲ ಒಡೆದೋಯ್ತಾ?” ಎಂದರು. ಲಲಿತಮ್ಮ ಎದ್ದು ಹೋದರು. ಅತ್ತೆ ಒಳಗೆ ಬಂದು ನನ್ನ ಕಡೆ ನೋಡಿ, “ಮೂರು ವರ್ಷದಿಂದ ಮೂಗೀನ ತಂದ್ಕೊಂಡಿದ್ದೀನಿ ಅಂದ್ಕೊಂಡಿದ್ದೆ” ಎಂದಷ್ಟೇ ಹೇಳಿ ಒಲೆಯ ಮುಂದೆ ಕೂತರು.

ಮತ್ತೆ ನಾನು ಶಿಶುವಿಹಾರಕ್ಕೆ ಹೋಗಲಿಲ್ಲ, ಅವರೂ ಕರೆಯಲಿಲ್ಲ. ಸ್ವಲ್ಪ ದಿನದ ಮೇಲೆ ಆ ಹಾಲಿನ ನಿಯಮವನ್ನು ನಿಲ್ಲಿಸಿದರು ಎಂದು ಕೇಳಿದೆ. ಲಲಿತಮ್ಮ ಅದರ ಬಗ್ಗೆ ಯಾರ ಹತ್ತಿರವೂ ಏನೂ ಹೇಳಲಿಲ್ಲವಂತೆ. ಕೆಂಪಮ್ಮ ಮಾತ್ರ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟಳು. ನಾನು ಎರಡು ವಾರ ಕಾದು, ಕೈಚೀಲ ಹಿಡಿದು ಹುಡುಕಿಕೊಂಡು ಹೋದೆ. ಮೂರು ಬೀದಿ ಆಚೆ ಒಂದು ಹುಣಿಸೆ ಮರದ ಕೆಳಗೆ ಬುಟ್ಟಿ ಇಳಿಸಿ ಕೂತಿದ್ದಳು. ಪಕ್ಕದಲ್ಲಿ ಹೊನ್ನಿ ಇದ್ದಳು. ನಾನು ದಂಟಿನ ಸೊಪ್ಪು ತೆಗೆದುಕೊಂಡೆ. ಕೆಂಪಮ್ಮ ಬೇರೆ ಗಿರಾಕಿಗೆ ಕೊಡುವ ಹಾಗೇ ಕೊಟ್ಟಳು, ಹೆಚ್ಚಿಲ್ಲ ಕಡಿಮೆಯಿಲ್ಲ. ನಾನು ಹೊನ್ನಿಯನ್ನು ಮಾತಾಡಿಸಿದೆ. ಅವಳು ನೆಲ ನೋಡಿದಳು. ಆಮೇಲೆ ನೀರು ಬೇಕಾಯಿತೋ ಏನೋ, ತಾಯಿಯ ಸೆರಗು ಹಿಡಿದು ಎರಡು ಸಲ ಜಗ್ಗಿದಳು.

“ಅಂಗೇಯ ಈಗ” ಎಂದಳು ಕೆಂಪಮ್ಮ, ನನ್ನ ಮುಖ ನೋಡದೆ. “ಬಾಯಿ ಬುಟ್ಟು ಕೂಗಾಕಿಲ್ಲ. ಸೆರಗು ಎಳೀತಾಳೆ.”

ಅವಳು ತಾಯಿಯನ್ನು ಮತ್ತೆ ಬಾಯಿ ತುಂಬ ಕರೆದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಬೇಸಿಗೆಯಲ್ಲಿ ಅವರು ಬೇರೆ ಕಡೆ ಹೋದರು. ಕರೆದಿರುತ್ತಾಳೆ, ಮಕ್ಕಳು ಮರೆಯುತ್ತವೆ ಎಂದು ನಿಮ್ಮ ತಾತ ಸಮಾಧಾನ ಹೇಳುತ್ತಿದ್ದರು. ಇರಬಹುದು. ಆದರೆ ನನಗೆ ಸಮಾಧಾನ ಬೇಕಾಗಿರಲಿಲ್ಲ. ಐದು ವರ್ಷದ ಮಗುವಿಗೆ ಒಂದು ಲೋಟ ಹಾಲು ಕೊಡಲು ಅವಳ ಬಾಯಿಂದ ಅವ್ವ ಎಂಬ ಮಾತನ್ನು ಕಿತ್ತುಕೊಂಡೆವಲ್ಲ ಎಂದು ಈಗಲೂ ಮೈ ಉರಿಯುತ್ತದೆ. ಲಲಿತಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು, ಅವರ ಮೇಲಿನ ಸಿಟ್ಟು ಆರಿದೆ. ಕಲಿಸಿದವಳೂ ನಾನೇ, ನಕ್ಕವಳೂ ನಾನೇ. ಆ ಸಿಟ್ಟು ಆರಿಲ್ಲ.

ನೀವು ಮೂವರೂ ನನ್ನ ಮಾತು ತಿದ್ದುತ್ತೀರಿ. ಸ್ನೇಹಿತರು ಬಂದಾಗ ‘ಅಜ್ಜಿ, ಆಲು ಅಲ್ಲ, ಹಾಲು’ ಎನ್ನುತ್ತೀರಿ. ಅಜ್ಜಿಗೆ ಬರುವುದಿಲ್ಲ ಎಂದುಕೊಂಡಿದ್ದೀರಿ. ನನಗೆ ಹಕಾರ ಚೆನ್ನಾಗಿ ಬರುತ್ತದೆ, ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಕಲಿತಿದ್ದೇನೆ. ಆದರೂ ಆಲು ಎಂದೇ ಅನ್ನುತ್ತೇನೆ. ತಿದ್ದಬೇಡಿ.